ಹಳೆಯ ಕೀಲಿಕೈಗೆ ಹೊಸ ಬೀಗ

ನಮ್ಮ ಮನೆಯ ಎದುರು ಬಾಗಿಲು ಬೀಗದಣ್ಣನದು. ನಡುವಿನ ಓಣಿ ಎಷ್ಟು ಕಿರಿದೆಂದರೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ನಾನು ಹೊಸ್ತಿಲ ಬಳಿ ಸ್ಟೂಲು ಹಾಕಿಕೊಂಡು ಬಟಾಣಿ ಸುಲಿಯಲು ಕೂತರೆ ಅವನ ಬಾಗಿಲು, ಬಾಗಿಲ ಚಿಲಕ, ಚಿಲಕದಲ್ಲಿ ತೂಗುವ ಬೀಗ ಎಲ್ಲ ನನ್ನ ಕಣ್ಣೆದುರಿಗೇ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಕರೆಂಟಿನ ಬಿಲ್ಲಿನಲ್ಲಿ ಮಾತ್ರ ನೋಡಬಹುದು. ಬೀದಿಗೆಲ್ಲ ಅವನು ಬೀಗದಣ್ಣ.

ಮಾರ್ಕೆಟ್ಟಿನ ಮೂಲೆಯಲ್ಲಿ ಚಪ್ಪಲಿ ಅಂಗಡಿಯ ಮೆಟ್ಟಿಲ ಕೆಳಗೆ ಅವನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಕೀಲಿಕೈ ಕಚ್ಚಿಸಿಡುವ ಕಬ್ಬಿಣದ ಇಕ್ಕಳ, ಉಜ್ಜಲು ದೊಡ್ಡವು ಸಣ್ಣವು ಅರಗಳು, ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಲಿಕೈಗಳ ಗೊಂಚಲು. ಹೊಸ ಕೀಲಿಕೈ ಮಾಡುವಾಗ ಅವನು ಮಾತಾಡುವುದಿಲ್ಲ. ಮಾಡಿ ಮುಗಿಸಿದ ಮೇಲೆ ಅದನ್ನು ಅಂಗಿಯ ತೋಳಿಗೆ ಉಜ್ಜಿ, ಗಿರಾಕಿಯ ಅಂಗೈಗೆ ಇಟ್ಟು, "ಮನೆಯಲ್ಲಿ ಹಾಕಿ ನೋಡಿ, ಆಗದಿದ್ರೆ ಬೈದುಕೊಂಡು ಬನ್ನಿ" ಅನ್ನುತ್ತಾನೆ. ಬೈದುಕೊಂಡು ಬಂದವರನ್ನು ನಾನು ನೋಡಿಲ್ಲ.

ಇಂಥವನ ಮನೆಗೆ ಇದ್ದ ಬೀಗ ಮಾತ್ರ ಅಯ್ಯೋ ಅನ್ನುವ ಹಾಗಿತ್ತು. ಅವನೇ ಕೈಯಾರೆ ಮಾಡಿದ್ದು ನಿಜ, ಆದರೆ ಅದು ಯಾವ ಕಾಲದ ಮಾತು! ಹಿತ್ತಾಳೆ ಸವೆದು ಸೋಪಿನ ಚೂರಿನಂತಾಗಿತ್ತು. ಮಾಡಿದಾಗ ಅದಕ್ಕೆ ಮೂರು ಕೀಲಿಕೈ ಮಾಡಿದ್ದ. ಒಂದು ತನಗೆ. ಒಂದು ಆಗ ಜೊತೆಯಲ್ಲಿದ್ದ ತಮ್ಮನಿಗೆ. ಇನ್ನೊಂದನ್ನು ನಮ್ಮ ಯಜಮಾನರ ಕೈಗೆ ಕೊಟ್ಟು, "ಅಣ್ಣಾ, ನಾವಿಬ್ಬರೂ ಕಳಕೊಂಡರೆ ನಿಮ್ಮ ಹತ್ತಿರ ಒಂದಿರಲಿ" ಅಂದಿದ್ದ. ನಮ್ಮವರು ಅದಕ್ಕೊಂದು ಕೆಂಪು ಉಲ್ಲನ್ನಿನ ಎಳೆ ಕಟ್ಟಿ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದರು. ಸಿಕ್ಕಿಸಿದ್ದು ಸಿಕ್ಕಿಸಿದ್ದೇ, ಇಳಿಸುವ ಪ್ರಸಂಗ ಬರಲೇ ಇಲ್ಲ. ನಮ್ಮವರು ಹೋದ ಮೇಲೂ ಅದು ಅಲ್ಲೇ ಇತ್ತು. ಧೂಳು ಒರೆಸುವಾಗ ಅದನ್ನೂ ಒರೆಸುತ್ತಿದ್ದೆ.

ಬೀಗದಣ್ಣನದು ಒಂದು ಅಭ್ಯಾಸ. ಬೆಳಿಗ್ಗೆ ಬೀಗ ಹಾಕಿದ ಮೇಲೆ ಅದನ್ನು ತಿರುಗಿಸಿ, ಕೀಲಿಕೈ ಹಾಕುವ ಬಾಯಿ ಬಾಗಿಲ ಕಡೆಗೆ ಬರುವಂತೆ ಇಟ್ಟು ಹೋಗುತ್ತಿದ್ದ. ಸಂಜೆ ಬಂದವನು ಬೀಗ ಮುಟ್ಟುವ ಮೊದಲು ಒಂದು ಗಳಿಗೆ ನಿಂತು ಅದರ ಬೆನ್ನು ನೋಡುತ್ತಿದ್ದ. ಆಮೇಲೆ ಕೀಲಿಕೈಗೆ ಕೈ ಹಾಕುತ್ತಿದ್ದ.

"ಏನೋ ಮಾರಾಯ, ನಿನ್ನ ಬೀಗ ಯಾವಾಗಲೂ ಮುನಿಸಿಕೊಂಡು ಆಚೆ ತಿರುಗಿರುತ್ತಲ್ಲ?" ಎಂದು ಒಮ್ಮೆ ಕೇಳಿದೆ.

"ಮುನಿಸಿಕೊಂಡೋರು ಯಾವತ್ತಾದ್ರೂ ಈ ಕಡೆ ತಿರುಗ್ತಾರೇನೋ ಅಂತ ನೋಡ್ತೀನಿ ಅತ್ತಿಗೆ" ಎಂದು ಹೇಳಿ ಒಳಗೆ ಹೋದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕಿದ್ದೆ.

ಅವನ ದೊಡ್ಡಕ್ಕ ಮದುವೆಯಾಗಿ ದೂರದ ದೇಶ ಸೇರಿದವಳು. ಗಂಡ ತೀರಿಹೋಗಿ, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದನ್ನು ಒಬ್ಬಳೇ ನಡೆಸುತ್ತಿದ್ದಳು. ನಿಂತು ನಿಂತು ಅವಳ ಮಂಡಿ ಎರಡೂ ಕೆಟ್ಟು, ಒಂದಾದ ಮೇಲೊಂದು ಆಪರೇಷನ್ ಆಗಬೇಕೆಂದಾಯಿತು. ವರ್ಷವೊಪ್ಪತ್ತು ಅಂಗಡಿ ನೋಡಿಕೊಳ್ಳುವವರು ಬೇಕು. ಮುಂಚೆಯೂ ಹಲವು ಸಲ ಬಾ ಅಂದಿದ್ದಳು, ಇವನು ಏನೋ ಒಂದು ನೆಪ ಹೇಳಿ ಜಾರಿಕೊಂಡಿದ್ದ. ಈ ಸಲ ಫೋನಿನಲ್ಲಿ ಅವಳು ಬೈದದ್ದು ಓಣಿಗೆಲ್ಲ ಕೇಳಿಸಿತು.

"ಆ ಬಾಗಿಲು ಕಾಯ್ತಾ ಕಾಯ್ತಾ ನೀನೇ ಒಂದು ಬಾಗಿಲಾಗಿ ಹೋದೆ ಕಣೋ! ನನಗಿನ್ಯಾರಿದ್ದಾರೆ? ಬರ್ತೀಯೋ, ಇಲ್ಲ ಅಂಬೆಗಾಲಲ್ಲಿ ಅಂಗಡಿ ನಡೆಸಲೋ?"

"ಬರ್ತೀನಿ ಬಿಡೇ" ಅಂದ. ಫೋನ್ ಇಟ್ಟು ನನ್ನ ಕಡೆ ನೋಡಿ, "ಅತ್ತಿಗೆ, ಬರ್ತೀನಿ ಅಂದುಬಿಟ್ಟೆ" ಅಂದ, ಯಾರೋ ಅವನ ಬಾಯಿಂದ ಹೇಳಿಸಿದ ಹಾಗೆ.

ಅಲ್ಲಿಂದ ಶುರುವಾಯಿತು ಮನೆ ಒಪ್ಪ ಮಾಡುವ ಕೆಲಸ. ಒಂಟಿ ಗಂಡಸಿನ ಮನೆಯಲ್ಲಿ ಏನು ಮಹಾ ಇರುತ್ತೆ ಅಂದುಕೊಂಡಿದ್ದೆ. ಇರುತ್ತೆ. ದಿನಕ್ಕೊಂದು ವಸ್ತು ಓಣಿ ದಾಟಿ ನನ್ನ ಮನೆಗೆ ಬಂತು. ಅರ್ಧ ಡಬ್ಬಿ ಎಣ್ಣೆ, ಸಕ್ಕರೆ, ಎರಡು ಹೂಕುಂಡ. ಫ್ರಿಜ್ ಖಾಲಿ ಮಾಡಿ, ತೊಳೆದು, ಬಾಗಿಲು ಮುಚ್ಚಿಕೊಳ್ಳದಂತೆ ನಡುವೆ ಚಪ್ಪಲಿಯೊಂದನ್ನು ಸಿಕ್ಕಿಸಿದ. ಗೋಡೆ ಗಡಿಯಾರದ ಬ್ಯಾಟರಿ ತೆಗೆದ. ಹಾಸಿಗೆ ಸುತ್ತಿ ಹಗ್ಗ ಬಿಗಿದ. ಎರಡನೆಯ ಹಾಸಿಗೆಯೊಂದಿತ್ತು, ಅದನ್ನು ಮಾತ್ರ ಸುತ್ತದೆ ಬಿಸಿಲಿಗೆ ಹಾಕಿ, ತಟ್ಟಿ, ತಂದು ಮತ್ತೆ ಮಂಚದ ಮೇಲೆ ಹಾಸಿದ. ನಾನು ನೋಡಿದೆ, ಕೇಳಲಿಲ್ಲ.

ಅಂಗಡಿ ಪೆಟ್ಟಿಗೆಯ ತಳದಲ್ಲಿ ಗಿರಾಕಿಗಳು ರಿಪೇರಿಗೆ ಕೊಟ್ಟು ಮರೆತ ಬೀಗಗಳಿದ್ದವು. ಊರು ಬಿಡುವಾಗ ಇನ್ನೊಬ್ಬರ ಬೀಗ ಇಟ್ಟುಕೊಂಡು ಹೋಗಬಾರದು ಎಂದು ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಮನೆಗೆ ಹೊರಟ. ಬೇಕರಿಯವಳು ತನ್ನ ಟ್ರಂಕಿನ ಬೀಗ ನೋಡಿ ಹಣೆ ಚಚ್ಚಿಕೊಂಡಳಂತೆ. "ಅಯ್ಯೋ ಪುಣ್ಯಾತ್ಮ, ಬೀಗ ಬರಲಿಲ್ಲ ಅಂತ ಟ್ರಂಕು ಒಡೆಸಿ ಗುಜರಿಗೆ ಹಾಕಿ ಆಯ್ತಲ್ಲೋ! ಇದನ್ನೇನು ಕುತ್ತಿಗೆಗೆ ಹಾಕ್ಕೊಳ್ಳಲಾ?" ಅದನ್ನು ಹೇಳುವಾಗ ಬೀಗದಣ್ಣ ನಕ್ಕ. ಹೊರಡುವ ಮಾತು ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಆ ವಾರವೇ ಅದು ನಡೆದದ್ದು. ನಾನು ಹಿಂದುಗಡೆ ಬಟ್ಟೆ ಒಗೆದು, ಕೈ ಒರೆಸಿಕೊಳ್ಳುತ್ತ ಮುಂಬಾಗಿಲಿಗೆ ಬಂದೆ. ಬೀಗದಣ್ಣ ಓಣಿಯ ತುದಿಯಲ್ಲಿ ಬರುತ್ತಿದ್ದ. ಅವನ ಬಾಗಿಲು ಅರ್ಧ ತೆರೆದಿತ್ತು. ಬೀಗ ಬಾಯಿ ಬಿಟ್ಟುಕೊಂಡು ಚಿಲಕದಲ್ಲಿ ನೇತಾಡುತ್ತಿತ್ತು. ನಾನು "ಅಯ್ಯೋ, ಕಳ್ಳ!" ಎಂದು ಕೂಗುವಷ್ಟರಲ್ಲಿ ಅವನೂ ಅದನ್ನು ನೋಡಿದ. ಕೈಯಲ್ಲಿದ್ದ ಸಾಮಾನಿನ ಚೀಲ ಅಲ್ಲೇ ಬಿತ್ತು. ಅರಗಳು ಕಲ್ಲಿನ ಮೇಲೆ ಚೆಲ್ಲಿದವು. ಕಳ್ಳ ಹೊಕ್ಕ ಮನೆಗೆ ಓಡುವವರ ಮುಖ ನಾನು ನೋಡಿದ್ದೇನೆ. ಇದು ಆ ಮುಖವಲ್ಲ. ಆ ವಯಸ್ಸಿನಲ್ಲಿ ಹುಡುಗನ ಹಾಗೆ ಓಡಿದ. ಬಾಗಿಲು ತಳ್ಳಿ, "ಬಂದ್ಯೇನೋ?" ಅಂದ.

ಒಳಗಿದ್ದವಳು ಮನೆಯ ಓನರಮ್ಮ. ಕುರ್ಚಿ ಹತ್ತಿ ನಿಂತು, ತಲೆ ಎತ್ತಿ ಚಾವಣಿಯ ತೇವ ನೋಡುತ್ತಿದ್ದಳು.

"ಬಂದೆ ಕಣಪ್ಪ. ನೀನು ಹೋದ ಮೇಲೆ ಸುಣ್ಣ ಬಳಿಸೋಣ ಅಂತ ನೋಡೋಕೆ ಬಂದೆ" ಅಂದಳು.

"ನೀವಾ..." ಅಂದ. ಅಷ್ಟೇ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟ.

ಓನರಮ್ಮ ಕುರ್ಚಿಯಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟಳು. "ಇದನ್ನ ಬೀಗ ಅಂತಾರಾ? ಸುಮ್ಮನೆ ಹೀಗೆ ಜಗ್ಗಿದೆ, ಕೈಗೇ ಬಂತು. ನಾನು ಬಂದ ಹಾಗೆ ಇನ್ಯಾರಾದ್ರೂ ಬಂದಿದ್ದರೆ? ಊರಿಗೆಲ್ಲ ಬೀಗ ಮಾಡಿಕೊಡ್ತೀಯ, ನಿನ್ನ ಬಾಗಿಲಿಗೆ ಈ ಕಿವಿಯೋಲೆ ನೇತುಹಾಕಿದ್ದೀಯ! ನೋಡು, ಇನ್ನೊಂದು ವರ್ಷ ಖಾಲಿ ಬಿದ್ದಿರುತ್ತೆ ಈ ಮನೆ. ಹೋಗೋದರೊಳಗೆ ಒಳ್ಳೆ ಬೀಗ ಹಾಕು. ಇಲ್ಲಾಂದ್ರೆ ಇದನ್ನ ಕಿತ್ತು ನಂದು ನಾನು ಹಾಕ್ಕೋತೀನಿ."

"ಬೀಗ ಬದಲಾಯಿಸೋಕೆ ಆಗಲ್ಲಮ್ಮ."

"ಯಾಕೆ ಆಗಲ್ಲ? ನಿನಗೇನು ಬೀಗಕ್ಕೆ ಬರವಾ?"

ಅವನು ಚಿಲಕದಲ್ಲಿದ್ದ ಬೀಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಓನರಮ್ಮ ಕೆಟ್ಟವಳಲ್ಲ, ಮಾತು ಮಾತ್ರ ಒರಟು. ಹೋಗುವಾಗ ನನ್ನ ಬಾಗಿಲಲ್ಲಿ ನಿಂತು, "ಇವನಿಗೇನಾಗಿದೆ? ನನ್ನನ್ನ ನೋಡಿ ದೆವ್ವ ಕಂಡ ಹಾಗೆ ಮಾಡಿದ" ಎಂದು ಪಿಸುಗುಟ್ಟಿದಳು. ದೆವ್ವ ಕಾಣದೇ ಹೋದ ಹಾಗೆ ಮಾಡಿದ ಎಂದು ನನಗನ್ನಿಸಿತು.

ನಾನು ಓಣಿಯಲ್ಲಿ ಚೆಲ್ಲಿದ್ದ ಅರಗಳನ್ನು ಆಯ್ದು ಅವನಿಗೆ ಕೊಟ್ಟೆ. ಒಂದು ಲೋಟ ಟೀ ಕೂಡ ಕೊಟ್ಟೆ. ಟೀ ಆರುವವರೆಗೂ ಅದನ್ನು ನೋಡುತ್ತ ಕೂತು, ಆಮೇಲೆ ಹೇಳಿದ.

ತಮ್ಮನನ್ನು ಓಣಿಯವರೆಲ್ಲ ಚಿಕ್ಕೋನು ಅನ್ನುತ್ತಿದ್ದೆವು. ಹೆತ್ತವರಿಲ್ಲದ ಹುಡುಗನನ್ನು ಇವನೇ ಸಾಕಿ, ಕೆಲಸ ಕಲಿಸಿದ. ಅವರ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಕೀಲಿಕೈ ತಂದವರಿಗೆ ಇನ್ನೊಂದು ಮಾಡಿಕೊಡಬಹುದು, ಬೀಗ ತಂದವರಿಗೂ ಮಾಡಿಕೊಡಬಹುದು. ಆದರೆ ಸೋಪಿನ ಮೇಲೆ ಕೀಲಿಕೈಯ ಅಚ್ಚೊತ್ತಿ ತಂದವರಿಗೆ ಯಾವ ಕಾರಣಕ್ಕೂ ಮಾಡಿಕೊಡಬಾರದು. ಕಳ್ಳರು ತರುವುದು ಹಾಗೆಯೇ. ಅಣ್ಣ ಊಟಕ್ಕೆ ಹೋದಾಗ ಚಿಕ್ಕೋನು ಒಬ್ಬ ಸ್ನೇಹಿತನಿಗೆ ಸೋಪಿನ ಅಚ್ಚಿನಿಂದ ಕೀಲಿಕೈ ಮಾಡಿಕೊಟ್ಟ. ವಾಪಸು ಬಂದ ಅಣ್ಣನಿಗೆ ಪೆಟ್ಟಿಗೆಯ ಮೇಲೆ ಆ ಸೋಪು ಕಂಡಿತು. ಮಾರ್ಕೆಟ್ಟಿನ ನಡುವೆ, ಗಿರಾಕಿಗಳ ಮುಂದೆ, ತಮ್ಮನ ಕೆನ್ನೆಗೆ ಹೊಡೆದ. "ಕಳ್ಳರ ಕೈಯಾಳು ನೀನು. ಇನ್ನು ನನ್ನ ಅರ ಮುಟ್ಟಬೇಡ" ಅಂದ.

"'ಅವನ ಮನೆಯದ್ದೇ ಕಣಣ್ಣಾ, ಕೀ ಒಂದೇ ಇದೆ ಅಂತ ಅವರಮ್ಮ ಕೊಡಲ್ವಂತೆ' ಅಂದ ಚಿಕ್ಕೋನು, ಅತ್ತಿಗೆ. ಮೂರು ಸಲ ಅಂದ. ನಾನು ಕೇಳಿಸಿಕೊಳ್ಳಲಿಲ್ಲ. ಎದ್ದು ಹೋದ. ಮಾರನೇ ದಿನ ಆ ಸ್ನೇಹಿತನ ಮನೆ ಹುಡುಕಿಕೊಂಡು ಹೋದೆ. ಅವನ ಮನೆಯದ್ದೇ ಕೀ. ಅವರಮ್ಮ ನನ್ನ ಕಣ್ಣ ಮುಂದೆಯೇ ಬಾಗಿಲು ತೆಗೆದು ತೋರಿಸಿದ್ಲು."

ಅಷ್ಟರಲ್ಲಿ ಚಿಕ್ಕೋನು ಯಾವುದೋ ಲಾರಿ ಹತ್ತಿ ಹೋಗಿಬಿಟ್ಟಿದ್ದ. ಇವನು ಹುಡುಕದ ಜಾಗವಿಲ್ಲ. ಬಟ್ಟೆ ಇಲ್ಲೇ ಬಿಟ್ಟಿದ್ದ, ಚಪ್ಪಲಿ ಇಲ್ಲೇ ಬಿಟ್ಟಿದ್ದ. ಜೇಬಿನಲ್ಲಿದ್ದ ಮನೆ ಕೀಲಿಕೈ ಮಾತ್ರ ಅವನ ಜೊತೆ ಹೋಗಿತ್ತು.

"ಎಸೆಯೋ ಹಾಗಿದ್ದರೆ ನನ್ನ ಮುಖದ ಮೇಲೇ ಎಸೆದು ಹೋಗ್ತಿದ್ದ. ಎಸೆಯಲಿಲ್ಲ. ಒಂದು ದಿನ ಬಂದು ಈ ಬಾಗಿಲಿಗೆ ಅದನ್ನ ಹಾಕ್ತಾನೆ, ತಿರುಗಲ್ಲ ಅನ್ನಿ. ಅವನೇನು ಅಂದುಕೋತಾನೆ? ಅಣ್ಣ ಬೀಗ ಬದಲಾಯಿಸಿಬಿಟ್ಟ ಅಂದುಕೋತಾನೆ. ಅಷ್ಟೇ ಸಾಕು ಅತ್ತಿಗೆ. ಬಂದ ದಾರೀಲೇ ಹೋಗಿಬಿಡ್ತಾನೆ."

ಬೀಗದ ಬಾಯಿ ಬಾಗಿಲ ಕಡೆಗೆ ಯಾಕೆ ತಿರುಗಿರುತ್ತಿತ್ತು ಎಂದು ನನಗೆ ತಿಳಿದದ್ದು ಆಗ. ಇವನಿಲ್ಲದಾಗ ಯಾರಾದರೂ ಕೀಲಿಕೈ ಹಾಕಿ ತೆಗೆದಿದ್ದರೆ ಅದು ಹಾಗೆ ಉಳಿಯುತ್ತಿರಲಿಲ್ಲ. ಪ್ರತಿ ಸಂಜೆ ಅವನು ನೋಡುತ್ತಿದ್ದದ್ದು ಅದನ್ನೇ.

ಹೊರಡುವ ದಿನ ಹತ್ತಿರ ಬಂತು. ಓನರಮ್ಮ ಬಂದು ಹೋಗಿ ಬೀಗದ ಮಾತೇ ಎತ್ತುತ್ತಿದ್ದಳು. ಒಂದು ಬೆಳಿಗ್ಗೆ ಬೀಗದಣ್ಣ ಕೈಯಲ್ಲೊಂದು ದಪ್ಪನೆಯ ಹೊಸ ಬೀಗ ಹಿಡಿದು ನನ್ನ ಹೊಸ್ತಿಲ ಬಳಿ ಬಂದು ಕೂತ. ಮುಖ ಗೆಲುವಾಗಿತ್ತು.

"ಅತ್ತಿಗೆ, ಇಷ್ಟು ದಿನ ಬುದ್ಧಿ ಎಲ್ಲಿಟ್ಟಿದ್ದೆನೋ. ಬೀಗಕ್ಕೆ ಕೀ ಮಾಡೋದು ದಿನಾ ಮಾಡ್ತೀನಿ. ಕೀಗೆ ಬೀಗ ಮಾಡಿದರಾಯ್ತು."

ಹೊಸ ಬೀಗದ ಹೊಟ್ಟೆ ಬಿಚ್ಚಿ ತೋರಿಸಿದ. ಒಳಗೆ ಹಿತ್ತಾಳೆಯ ತಗಡುಗಳು, ಒಂದರ ಮೇಲೊಂದು. ಕೀಲಿಕೈಯ ಹಲ್ಲು ತಗಡುಗಳನ್ನು ಎತ್ತುತ್ತದೆ. ಪ್ರತಿ ತಗಡಿನಲ್ಲೂ ಒಂದು ಸೀಳು. ಸೀಳುಗಳೆಲ್ಲ ಒಂದೇ ಸಾಲಿಗೆ ಬಂದರೆ ಬೀಗ ತೆರೆಯುತ್ತದೆ, ಕೂದಲೆಳೆಯಷ್ಟು ಹೆಚ್ಚಾದರೂ ಕಡಿಮೆಯಾದರೂ ಇಲ್ಲ. ಅದರಲ್ಲಿದ್ದ ತಗಡು ತೆಗೆದುಹಾಕಿ, ಸೀಳಿಲ್ಲದ ಬೇರೆ ತಗಡು ಕೂರಿಸಿ, ತನ್ನ ಕೀಲಿಕೈ ಎತ್ತಿದಷ್ಟಕ್ಕೆ ಸರಿಯಾಗಿ ಸೀಳು ಕೊರೆದ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ತನ್ನ ಹಳೆಯ ಕೀಲಿಕೈ ಹಾಕಿ ತಿರುಗಿಸಿದ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತೆರೆಯಿತು.

"ಬೀಗ ಹೊಸದು, ಮನೆ ಹಳೇದು" ಅಂದ. ಎಷ್ಟೋ ಕಾಲದಿಂದ ಬಿಗಿಹಿಡಿದ ಉಸಿರನ್ನು ಬಿಟ್ಟ ಹಾಗಿತ್ತು.

ನನಗೂ ಸಂತೋಷವಾಯಿತು. "ಹಾಗಾದ್ರೆ ನಮ್ಮನೇಲಿರೋದೂ ಇದಕ್ಕೆ ಆಗಬೇಕಲ್ಲ" ಎಂದು ಒಳಗೆ ಹೋಗಿ ಮೊಳೆಯಿಂದ ಕೀಲಿಕೈ ಇಳಿಸಿ ತಂದೆ. ಬೀಗಕ್ಕೆ ಹಾಕಿದೆ. ಒಳಗೆ ಹೋಯಿತು. ತಿರುಗಲಿಲ್ಲ.

"ಇಲ್ಲಿ ಕೊಡಿ, ನಿಮಗೆ ಕೈಲಾಗ್ತಿಲ್ಲ." ಅವನು ತಿರುಗಿಸಿದ. ಇಲ್ಲ. ತೆಗೆದು, ಊದಿ, ಮತ್ತೆ ಹಾಕಿದ. ಇಲ್ಲ.

ಆಮೇಲೆ ಎರಡೂ ಕೀಲಿಕೈಗಳನ್ನು ಜೋಡಿಸಿ ಬೆಳಕಿಗೆ ಹಿಡಿದ. ನನ್ನ ಮಂಜುಗಣ್ಣಿಗೂ ಕಂಡಿತು. ನಮ್ಮದರ ಹಲ್ಲು ಮಾಡಿದ ದಿನದಂತೆಯೇ ಚೂಪಾಗಿತ್ತು. ಅವನದು ದಿನಾ ಬೀಗಕ್ಕೆ ಹೋಗಿ ಬಂದು ಸವೆದು ಮೊಂಡಾಗಿತ್ತು. ಹಳೆಯ ಬೀಗವೂ ಸಡಿಲವಾಗಿದ್ದರಿಂದ ಅದು ಎರಡನ್ನೂ ಒಪ್ಪಿಕೊಳ್ಳುವಂತಿತ್ತು. ಹೊಸದು ಬಿಗಿ, ತನ್ನ ಅಳತೆಯದನ್ನು ಬಿಟ್ಟರೆ ಬೇರೆಯದನ್ನು ಒಪ್ಪದು.

"ಅವನ ಕೀ ಸವೆದಿಲ್ಲ" ಅಂದ ಬೀಗದಣ್ಣ, ಮೆಲ್ಲಗೆ. "ಅದು ಎಲ್ಲೂ ಯಾವ ಬಾಗಿಲಿಗೂ ಹೋಗಿಲ್ಲ ಅತ್ತಿಗೆ. ಅದು ನಿಮ್ಮದರ ಹಾಗೇ ಇದೆ. ನಾನು ನನ್ನ ಅಳತೆಗೆ ಬೀಗ ಮಾಡಿಟ್ಟು ಹೊರಟಿದ್ದೆ."

ಕೊರೆದ ಹಿತ್ತಾಳೆಯನ್ನು ಮತ್ತೆ ತುಂಬಲಾಗದು. ಮಾರನೆಯ ದಿನ ಸಂಜೆ ಅವನ ವಿಮಾನ. ಮತ್ತೆ ಮಾರ್ಕೆಟ್ಟಿಗೆ ಹೋಗಿ ಹೊಸ ತಗಡು ತಂದ. ಬೆಳಿಗ್ಗೆಯೇ ಬಂದು ನನ್ನ ಹೊಸ್ತಿಲ ಬಳಿ ಕೂತು, "ನಿಮ್ಮ ಕೀಗೆ ಮೋಂಬತ್ತಿಯ ಮಸಿ ಹಿಡಿಸಬೇಕು. ಮಸಿ ಎಲ್ಲಿ ತಾಗುತ್ತೋ ಅಲ್ಲಿ ಗುರುತು ಸಿಗುತ್ತೆ. ಅರ ತಾಗಿಸಲ್ಲ, ಆಣೆ. ಆದರೆ ಈ ದಾರ ಬಿಚ್ಚಬೇಕು, ಸುಟ್ಟುಹೋಗುತ್ತೆ" ಅಂದ. ಅಂದವನು ತಾನು ಬಿಚ್ಚಲಿಲ್ಲ. ನನ್ನ ಮುಂದೆ ಹಿಡಿದ.

ನಮ್ಮವರು ಹಾಕಿದ ಗಂಟು. ಅವರು ಯಾವ ಗಂಟನ್ನೂ ಒಂದೇ ಸುತ್ತಿಗೆ ಬಿಡುತ್ತಿರಲಿಲ್ಲ. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸುತ್ತಿದ್ದರು. ಬೂಟಿನ ಲೇಸು ಕಟ್ಟಿದರೂ ಹಾಗೆಯೇ, ಸಾಮಾನಿನ ಪೊಟ್ಟಣ ಕಟ್ಟಿದರೂ ಹಾಗೆಯೇ. ಕತ್ತರಿ ತಂದರೆ ಆಗುತ್ತಿತ್ತು. ತರಲಿಲ್ಲ. ಸೂಜಿಯ ಮೊನೆಯಿಂದ ನಿಧಾನವಾಗಿ ಸಡಿಲಿಸಿದೆ. ಬೀಗದಣ್ಣನಿಗೆ ವಿಮಾನಕ್ಕೆ ಹೊತ್ತಾಗುತ್ತಿದ್ದರೂ ಬೇಗ ಅನ್ನಲಿಲ್ಲ. ಎಳೆ ಕೈಗೆ ಬಂದ ಮೇಲೂ ಗಂಟಿದ್ದ ಕಡೆ ಅದು ಸೊಟ್ಟಗೇ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತೆ.

ಅವನು ಕೆಲಸ ಮಾಡಿದ. ಕೀಲಿಕೈ ಹಾಕುವುದು, ತೆಗೆಯುವುದು, ಮಸಿ ನೋಡುವುದು, ಎರಡು ಉಜ್ಜು ಉಜ್ಜುವುದು, ಮತ್ತೆ ಹಾಕುವುದು. ಓನರಮ್ಮ ಬಂದವಳು, "ಇದೇನಪ್ಪ ಹೊರಡೋ ದಿನ ಅಂಗಡಿ ಇಟ್ಟಿದ್ದೀಯ?" ಎಂದು ಶುರು ಮಾಡಿ, ನಮ್ಮಿಬ್ಬರ ಮುಖ ನೋಡಿ ಮಾತು ನುಂಗಿಕೊಂಡಳು. ಓಣಿಯಲ್ಲೇ ನಿಂತು ನೋಡಿದಳು.

ಬೀಗ ತೆರೆಯಿತು. ಅವನು ನನಗೆ ಕೊಟ್ಟ. ನನ್ನ ಕೈಗೂ ತೆರೆಯಿತು. ಆಮೇಲೆ ತನ್ನ ಹಳೆಯ ಕೀಲಿಕೈ ಹಾಕಿದ. ಅದು ತಿರುಗಲಿಲ್ಲ.

"ನೋಡಿ ಅತ್ತಿಗೆ, ಈಗ ನಂದೇ ನನ್ನ ಮನೆಗೆ ಆಗ್ತಿಲ್ಲ" ಎಂದು ನಕ್ಕ. ಕಣ್ಣು ಒರೆಸಿಕೊಂಡ. ಕೈಗೆಲ್ಲ ಮಸಿಯಾಗಿದ್ದರಿಂದ ಮುಖಕ್ಕೂ ಮಸಿಯಾಯಿತು.

"ಮುಖ ತೊಳ್ಕೊಂಡು ಹೊರಡಪ್ಪ, ಏರ್‌ಪೋರ್ಟಿನೋರು ಹಿಡ್ಕೋತಾರೆ" ಅಂದಳು ಓನರಮ್ಮ. ಅವಳ ದನಿಯೂ ಒದ್ದೆಯಾಗಿತ್ತು. ಅವಳೇ ಬೀಗ ಕೈಗೆತ್ತಿಕೊಂಡು ಜಗ್ಗಿ ನೋಡಿ, "ಹ್ಞೂಂ, ಇದು ಬೀಗ" ಅಂದಳು.

ನಮ್ಮ ಕೀಲಿಕೈ ನೋಡಿಕೊಂಡು ಅವನು ಇನ್ನೆರಡು ಮಾಡಿದ. ಒಂದು ತನಗೆ, ಒಂದು ನನಗೆ, ವಾರಕ್ಕೊಮ್ಮೆ ಬಾಗಿಲು ತೆಗೆದು ಗಾಳಿಯಾಡಿಸಲು. "ಆ ಹಳೇದನ್ನ ಬಳಸಬೇಡಿ. ಅದು ಮೊಳೆಯಲ್ಲೇ ಇರಲಿ, ಸವೆಯದೆ" ಅಂದ. ಮತ್ತೆ ಎಳೆ ಕಟ್ಟಿದೆ. ಎರಡು ಸುತ್ತು ಸುತ್ತಿ ತುದಿ ಒಳಗೆ ತೂರಿಸಿದೆ. ನಮ್ಮವರ ಗಂಟಿನ ಹಾಗೆ ಬರಲಿಲ್ಲ.

ನೀರಿನ ವಾಲ್ವು ತಿರುಗಿಸಿ, ಮೇನ್ ಸ್ವಿಚ್ಚು ಇಳಿಸಿ, ಅವನು ಬೀಗ ಹಾಕಿದ. ಬಾಯನ್ನು ಬಾಗಿಲ ಕಡೆಗೆ ತಿರುಗಿಸಿದ.

"ಅವನು ಬಂದ್ರೆ ನೀವು ಏಳಬೇಡಿ ಅತ್ತಿಗೆ. ಮಾತಾಡಿಸಲೂಬೇಡಿ. ಅವನೇ ತೆಗೀಲಿ."

"ಕೀ ಕಳ್ಕೊಂಡಿದ್ರೆ?"

"ಕಳ್ಕೊಂಡಿರಲ್ಲ" ಎಂದು ಸೂಟ್‌ಕೇಸ್ ಎತ್ತಿಕೊಂಡು ಹೊರಟ. ಓಣಿಯ ತುದಿಯವರೆಗೆ ಹೋದವನು ಸೂಟ್‌ಕೇಸನ್ನು ಅಲ್ಲೇ ಬಿಟ್ಟು ವಾಪಸು ಬಂದ. "ಕಳ್ಕೊಂಡಿದ್ರೆ ನಿಮ್ಮದು ಕೊಡಿ. ಆದರೆ ಅವನ ಕೈಯಿಂದಲೇ ತೆಗೆಸಿ. ಮತ್ತೆ... ಆ ಕೀ ಅವನ ಸ್ನೇಹಿತನ ಮನೆಯದ್ದೇ ಅಂತ ಅಣ್ಣನಿಗೆ ಮಾರನೇ ದಿನವೇ ಗೊತ್ತಾಯ್ತು ಅಂತ ಹೇಳಿ. ಅದನ್ನ ಮೊದಲು ಹೇಳಿ."

ಈಗ ವಾರಕ್ಕೊಮ್ಮೆ ಆ ಬಾಗಿಲು ತೆಗೆಯುತ್ತೇನೆ. ಕಿಟಕಿ ತೆರೆದು, ಮಂಚದ ಹಾಸಿಗೆಯ ಮೇಲಿನ ಧೂಳು ಕೊಡವಿ, ಬೀಗ ಹಾಕಿ, ಅವನ ಹಾಗೆಯೇ ಅದರ ಬಾಯಿ ತಿರುಗಿಸಿಟ್ಟು ಬರುತ್ತೇನೆ. ಬೆಳಿಗ್ಗೆ ಎದ್ದರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಈ ಅಭ್ಯಾಸ ಅವನು ಬಿಟ್ಟು ಹೋದದ್ದು.

ಮೊನ್ನೆ ಒಬ್ಬ ಗಂಡಸು ಆ ಬಾಗಿಲ ಮುಂದೆ ನಿಂತ. ವಯಸ್ಸು ಸುಮಾರು ಸರಿಹೋಗುತ್ತಿತ್ತು. ಬೀಗ ನೋಡಿದ, ಜೇಬಿಗೆ ಕೈ ಹಾಕಿದ. ನನ್ನ ಮಡಿಲಿನ ಬಟಾಣಿ ನೆಲಕ್ಕೆ ಉರುಳಿದ್ದು ಗೊತ್ತಾಗಲಿಲ್ಲ. ಏಳಬಾರದು, ಮಾತಾಡಿಸಬಾರದು ಎಂದು ತುಟಿ ಕಚ್ಚಿ ಕೂತೆ. ಅವನು ಜೇಬಿನಿಂದ ಪೆನ್ನು ತೆಗೆದು, ಗೋಡೆಯ ಮೀಟರ್ ನೋಡಿ ಏನೋ ಬರೆದುಕೊಂಡು ಮುಂದಿನ ಮನೆಗೆ ಹೋದ.

ಆ ಸಂಜೆ ಬೀಗದಣ್ಣನ ಫೋನ್ ಬಂತು. ಅಕ್ಕನ ಒಂದು ಮಂಡಿ ಆಗಿದೆಯಂತೆ, ಇನ್ನೊಂದು ಆಗಬೇಕಂತೆ. ಹಿಂದೆ ಇಸ್ತ್ರಿಯ ಹಬೆ ಬುಸುಗುಡುವ ಸದ್ದು. ಅದೂ ಇದೂ ಮಾತಾಡಿ, ಕೊನೆಗೆ ಯಾವಾಗಲೂ ಕೇಳುವುದನ್ನು ಕೇಳಿದ.

"ಬೀಗ ಹೇಗಿದೆ ಅತ್ತಿಗೆ?"

ನಾನು ಕತ್ತು ಚಾಚಿ ನೋಡಿದೆ. ಮೀಟರಿನವನ ಸುದ್ದಿ ಹೇಳಲಿಲ್ಲ.

"ಬಾಗಿಲ ಕಡೆಗೇ ಮುಖ ಮಾಡಿದೆ ಕಣಪ್ಪ."

ಆ ಕಡೆ ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು.

"ಸರಿ ಬಿಡಿ. ಒಂದು ತೊಟ್ಟು ಎಣ್ಣೆ ಹಾಕಿ ಅದಕ್ಕೆ" ಅಂದ. "ಅವನ ಕೀಗೆ ಬಿಗಿಯಾಗಬಾರದು."

ಅವನದೇ ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯಿಂದ ಒಂದು ತೊಟ್ಟು ಹಾಕಿ, ಬೀಗವನ್ನು ಮತ್ತೆ ಬಾಗಿಲ ಕಡೆಗೆ ತಿರುಗಿಸಿ ಬಂದು ನನ್ನ ಸ್ಟೂಲಿನ ಮೇಲೆ ಕೂತೆ.